ರಹೀಮ್ ಸಾಹೇಬರು

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳಿವೆ. ಕಬ್ಬು, ತಂಬಾಕು, ಜೋಳಗಳನ್ನು ಬೆಳೆಯುವ ಈ ಗಡಿನಾಡಿನಲ್ಲಿ ದೇಹಬಲಕ್ಕೆ ಹಿಂದಿನಿಂದಲೂ ಮನ್ನಣೆಯುಂಟು. ಊರೂರಿಗೆ ಗರಡಿಮನೆಯಿದ್ದ ಕಾಲವನ್ನು ಇಲ್ಲಿಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಜಾತ್ರೆ ಬಂದಿತೆಂದರೆ ಕುಸ್ತಿಯ ಕಣ ಸಿದ್ಧವಾಗುತ್ತದೆ. ಸುಗ್ಗಿ ಮುಗಿದ ಹೊಲದಲ್ಲಿ ಹುಡುಗರು ಕಬಡ್ಡಿಯಾಡುತ್ತಾರೆ. ನಿಪ್ಪಾಣಿಯಿಂದ ಸುಮಾರು 40 ಕಿಲೋಮೀಟರು ದೂರದ ಕೊಲ್ಲಾಪುರದಲ್ಲಿ ಕುಸ್ತಿಯ ತಾಲೀಮುಗಳೇ ಕಾಲ್ಚೆಂಡಾಟದ ತಂಡಗಳನ್ನೂ ಕಟ್ಟಿಕೊಂಡಿವೆ. ಅಲ್ಲಿಯ ಶಾಹೂ ಕ್ರೀಡಾಂಗಣದಲ್ಲಿ ಪಂದ್ಯ ನಡೆದಾಗ ಪೇಟೆಗೆ ಪೇಟೆಯೇ ಅಲ್ಲಿ ನೆರೆಯುವುದುಂಟು. ಬಲವಿದೆ, ಉತ್ಸಾಹವಿದೆ, ಆಟದ ಮೇಲಿನ ಪ್ರೀತಿಯೂ ಇದೆ. ಆದರೂ ಜಗತ್ತಿನ ಕಾಲ್ಚೆಂಡಾಟದಲ್ಲಿ ಭಾರತದ ಹೆಸರು ಏಕೆ ಕೇಳಿಬರುವುದಿಲ್ಲ?

ಈ ಪ್ರಶ್ನೆಗೆ ಜನಸಂಖ್ಯೆ ಉತ್ತರವಾಗದು. 2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯೊಂದರಲ್ಲಿಯೇ 47 ಲಕ್ಷಕ್ಕೂ ಹೆಚ್ಚು ಜನರಿದ್ದರು. ದಕ್ಷಿಣ ಅಮೆರಿಕದ ಉರುಗ್ವೆ ದೇಶದ ಒಟ್ಟು ಜನಸಂಖ್ಯೆ ಸುಮಾರು 35 ಲಕ್ಷ. ಒಂದು ಜಿಲ್ಲೆಗಿಂತಲೂ ಚಿಕ್ಕದಾದ ಆ ರಾಷ್ಟ್ರ 1930 ಮತ್ತು 1950ರಲ್ಲಿ ವಿಶ್ವಕಪ್ಪನ್ನು ಗೆದ್ದುಕೊಂಡಿತು. ಯುರೋಪಿನ ಕ್ರೊಯೇಷಿಯ ಇನ್ನೊಂದು ಪುಟ್ಟ ದೇಶ. ಅದು 2018ರಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನಾಡಿತು. ನೂರು ಕೋಟಿಯನ್ನು ಮೀರಿದ ಭಾರತದ ಪುರುಷರ ತಂಡವಾದರೋ ಇದುವರೆಗೆ ಒಮ್ಮೆಯೂ ವಿಶ್ವಕಪ್ಪಿನ ಅಂತಿಮ ಸುತ್ತುಗಳಲ್ಲಿ ಆಡಿಲ್ಲ. ಹಾಗೆಂದು ಭಾರತೀಯರ ಮೈಕಟ್ಟು ಈ ಆಟಕ್ಕೆ ತಕ್ಕುದಲ್ಲವೆಂದು ತೀರ್ಮಾನಿಸುವುದೂ ಸರಿಯಲ್ಲ. ಏಕೆಂದರೆ ಭಾರತ ಏಷ್ಯಾಖಂಡದಲ್ಲಿಯೇ ಅಗ್ರಸ್ಥಾನದಲ್ಲಿದ್ದ ಕಾಲವೊಂದಿತ್ತು. ಆ ಕಾಲವನ್ನು ತಂದವರು ಒಬ್ಬ ಶಾಲಾ ಉಪಾಧ್ಯಾಯರು. ಅವರೇ ಸೈಯದ್ ಅಬ್ದುಲ್ ರಹೀಮ್. ಆಟಗಾರರೆಲ್ಲರೂ ಅವರನ್ನು ಗೌರವದಿಂದ ರಹೀಮ್ ಸಾಹೇಬರೆಂದು ಕರೆಯುತ್ತಿದ್ದರು.

ಚಿಕ್ಕೋಡಿ, ರಾಯಬಾಗ, ಅಥಣಿಗಳ ಸೀಮೆಯಲ್ಲಿ ಹರಿಯುವ ಕೃಷ್ಣಾನದಿ ಪೂರ್ವಾಭಿಮುಖವಾಗಿ ಸಾಗಿ ರಾಯಚೂರಿನ ನೆಲವನ್ನು ಸೇರುತ್ತದೆ. ಆ ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಕನ್ನಡ, ತೆಲುಗು, ಮರಾಠಿ, ಉರ್ದು ಭಾಷೆಗಳನ್ನಾಡುವ ಜನರೆಲ್ಲರೂ ಒಂದೇ ಆಡಳಿತದಲ್ಲಿ ಬಾಳಿದ ನಾಡು ಅದು. ಅದರ ರಾಜಧಾನಿಯಾದ ಹೈದರಾಬಾದ್ ನಗರದಲ್ಲಿ 1909ನೆಯ ಇಸವಿಯ ಆಗಸ್ಟ್ 17ರಂದು ರಹೀಮರು ಜನಿಸಿದರು.

ರಹೀಮರು ಓದಿನಲ್ಲಿಯೂ ಆಟದಲ್ಲಿಯೂ ಸಮಾನವಾದ ಆಸಕ್ತಿಯನ್ನು ತೋರಿದರು. ಉಸ್ಮಾನಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದಾಗ ಅಲ್ಲಿಯ ಕಾಲ್ಚೆಂಡು ತಂಡದಲ್ಲಿ ಆಡಿ ಹೆಸರು ಪಡೆದರು. ಪದವಿಯನ್ನು ಪಡೆದ ಮೇಲೆ ಅವರು ಆರಿಸಿಕೊಂಡುದು ಉಪಾಧ್ಯಾಯ ವೃತ್ತಿಯನ್ನು. ಹೈದರಾಬಾದಿನ ಹಲವು ಶಾಲೆಗಳಲ್ಲಿ ಅವರು ಪಾಠ ಹೇಳಿದರು. ದೈಹಿಕ ಶಿಕ್ಷಣದಲ್ಲಿ ತರಬೇತಿಯನ್ನು ಹೊಂದಿ, ಶಾಲೆಯ ಕ್ರೀಡೆಗಳ ಹೊಣೆಯನ್ನೂ ವಹಿಸಿಕೊಂಡರು. ಮುಂದೆ ಅವರು ದೇಶದ ತಂಡಕ್ಕೆ ತರಬೇತುದಾರರಾದಾಗಲೂ ಅವರೊಳಗಿನ ಉಪಾಧ್ಯಾಯ ಮರೆಯಾಗಲಿಲ್ಲ. ಪಾಠವನ್ನು ಮೊದಲೇ ಯೋಜಿಸಿಕೊಳ್ಳುವುದು, ದುರ್ಬಲ ವಿದ್ಯಾರ್ಥಿಯ ಕೊರತೆಯನ್ನು ಗುರುತಿಸುವುದು, ಅದನ್ನು ಅಭ್ಯಾಸದಿಂದ ನೀಗಿಸುವುದು, ಕಲಿತುದನ್ನು ಪರೀಕ್ಷಿಸಿ ನೋಡುವುದು — ಶಾಲೆಯ ಈ ಕ್ರಮವನ್ನೇ ಅವರು ಆಟದ ಬಯಲಿಗೂ ತಂದರು.

1943ರಲ್ಲಿ ರಹೀಮರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಗಳಾದರು. ಬದುಕಿನ ಕೊನೆಯವರೆಗೂ ಆ ಹೊಣೆಯನ್ನು ಹೊತ್ತರು. ಆ ದಿನಗಳಲ್ಲಿ ಕಾಲ್ಚೆಂಡಾಟವೆಂದರೆ ಚೆಂಡನ್ನು ಕಾಲಿನಲ್ಲಿಯೇ ಇಟ್ಟುಕೊಂಡು, ಎದುರಾಳಿಗಳನ್ನು ಒಬ್ಬೊಬ್ಬರಾಗಿ ವಂಚಿಸುತ್ತ ಮುನ್ನುಗ್ಗುವ ಚಮತ್ಕಾರವೆಂದೇ ಬಹುಮಂದಿ ಪ್ರೇಕ್ಷಕರ ಭಾವನೆಯಾಗಿತ್ತು. ಆಟಗಾರರೂ ಆ ಚಪ್ಪಾಳೆಗೆ ಮನಸೋಲುತ್ತಿದ್ದರು. ಇದರಿಂದ ಒಬ್ಬನ ಕೀರ್ತಿ ಬೆಳೆಯಬಹುದು, ಆದರೆ ತಂಡ ಬೆಳೆಯಲಾರದೆಂಬುದನ್ನು ರಹೀಮರು ಕಂಡುಕೊಂಡರು. ಚೆಂಡು ಓಡುವಷ್ಟು ವೇಗವಾಗಿ ಯಾವ ಆಟಗಾರನೂ ಓಡಲಾರ. ಆದುದರಿಂದ ಚೆಂಡನ್ನು ಹಿಡಿದಿಟ್ಟುಕೊಳ್ಳದೆ ಒಡನೆಯೇ ಜೊತೆಗಾರನಿಗೆ ಸಾಗಿಸುವುದೇ ಬಲಶಾಲಿಯಾದ ಎದುರಾಳಿಯನ್ನು ಸೋಲಿಸುವ ಉಪಾಯವೆಂದು ಅವರು ನಿರ್ಧರಿಸಿದರು.

ಈ ವಿಚಾರವನ್ನು ಅವರು ಉಪನ್ಯಾಸದಿಂದ ಕಲಿಸಲಿಲ್ಲ. ಅದಕ್ಕಾಗಿ ಹೊಸ ಬಗೆಯ ಪಂದ್ಯಾವಳಿಗಳನ್ನು ಏರ್ಪಡಿಸಿದರು. ಒಂದು ಪಂದ್ಯಾವಳಿಯಲ್ಲಿ ಚೆಂಡನ್ನು ಕಾಲಿನಲ್ಲಿ ಹೊರಳಿಸುತ್ತ ಒಯ್ಯುವುದಕ್ಕೆ ಅವಕಾಶವಿರಲಿಲ್ಲ. ಬಂದ ಚೆಂಡನ್ನು ತಡವಿಲ್ಲದೆ ಇನ್ನೊಬ್ಬನಿಗೆ ದಾಟಿಸಲೇಬೇಕು. ಮತ್ತೊಂದರಲ್ಲಿ ಆಟಗಾರರು ತಮ್ಮ ದುರ್ಬಲವಾದ ಕಾಲಿನಿಂದಲೇ ಚೆಂಡನ್ನು ಒದೆಯಬೇಕು. ಬಲಗಾಲಿನ ಆಟಗಾರನಿಗೆ ಎಡಗಾಲೇ ಗತಿ. ಎಳೆಯರಿಗಾಗಿ ಎತ್ತರದ ಮಿತಿಯನ್ನು ವಿಧಿಸಿದ ಪಂದ್ಯಗಳೂ ನಡೆದವು. ಇದರಿಂದ ಗಿಡ್ಡನಾದ ಹುಡುಗನೂ ದೊಡ್ಡವರ ತಳ್ಳಾಟಕ್ಕೆ ಅಂಜದೆ ಆಟವನ್ನು ಕಲಿಯುವಂತಾಯಿತು. ಇವುಗಳಿಗೆ ಹೆಚ್ಚಿನ ಹಣ ಬೇಕಾಗಿರಲಿಲ್ಲ. ಒಂದು ಬಯಲು, ಒಂದು ಚೆಂಡು, ಜೊತೆಗೆ ಯೋಚನೆ ಮಾಡಬಲ್ಲ ಒಬ್ಬ ಗುರು, ಇಷ್ಟೇ ಸಾಕಾಗಿತ್ತು.

1950ರಲ್ಲಿ ಹೈದರಾಬಾದ್ ನಗರ ಪೊಲೀಸ್ ತಂಡದ ತರಬೇತಿ ರಹೀಮರ ಪಾಲಿಗೆ ಬಂದಿತು. ಮುಂಬಯಿಯಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ ಅಂದಿನ ಪ್ರತಿಷ್ಠಿತ ಪಂದ್ಯಾವಳಿಗಳಲ್ಲೊಂದು. ಬ್ರಿಟಿಷ್ ಸೈನಿಕ ತಂಡಗಳೇ ಬಹುಕಾಲ ಗೆಲ್ಲುತ್ತಿದ್ದ ಆ ಕಪ್ಪನ್ನು 1937ರಲ್ಲಿ ಮೊದಲಬಾರಿಗೆ ಗೆದ್ದ ಭಾರತೀಯ ತಂಡ ಬೆಂಗಳೂರಿನದು. ಬೆಂಗಳೂರು ಮುಸ್ಲಿಮ್ಸ್ ಎಂಬುದು ಅದರ ಹೆಸರು. ರಹೀಮರ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ಆ ಕಪ್ಪನ್ನು ತನ್ನದಾಗಿಸಿಕೊಂಡಿತು. ಕಲ್ಕತ್ತೆಯ ಹೆಸರಾಂತ ತಂಡಗಳು ಹೈದರಾಬಾದಿನ ಪೊಲೀಸರನ್ನು ಕಂಡು ಎಚ್ಚರಗೊಳ್ಳಬೇಕಾಯಿತು.

ರಹೀಮರ ಮುಂದಿನ ಕಾರ್ಯದ ಹಿರಿಮೆಯನ್ನು ಅರಿಯಬೇಕಾದರೆ ಅಂದಿನ ಭಾರತೀಯ ಕಾಲ್ಚೆಂಡಾಟದ ಸ್ಥಿತಿಯನ್ನು ತಿಳಿಯಬೇಕು. ಸ್ವತಂತ್ರ ಭಾರತದ ತಂಡ 1948ರ ಲಂಡನ್ ಒಲಿಂಪಿಕ್ ಕ್ರೀಡಾಕೂಟದಲ್ಲಿ ಫ್ರಾನ್ಸಿನ ವಿರುದ್ಧ ಆಡಿತು. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿದ್ದರು. ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾಗಿ ಭಾರತ 1-2ರಿಂದ ಸೋತಿತು. ಭಾರತದ ಪರವಾಗಿ ಆ ಒಂದು ಗೋಲನ್ನು ಹೊಡೆದವರು ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್. 1950ರಲ್ಲಿ ಬ್ರೆಜಿಲಿನಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಆಡುವ ಅವಕಾಶ ಒದಗಿಬಂದಿತ್ತು. ಆದರೆ ಭಾರತ ತನ್ನ ತಂಡವನ್ನು ಕಳುಹಿಸಲಿಲ್ಲ. ಬರಿಗಾಲಿನಲ್ಲಿ ಆಡಲು ಅನುಮತಿ ದೊರೆಯದುದೇ ಅದಕ್ಕೆ ಕಾರಣವೆಂಬ ಮಾತು ಬಹಳವಾಗಿ ಹಬ್ಬಿದೆ. ವಾಸ್ತವವಾಗಿ ಆ ಕಾಲದಲ್ಲಿ ವಿಶ್ವಕಪ್ಪಿನ ಮಹತ್ತ್ವವನ್ನು ನಮ್ಮ ಸಂಘಟಕರು ಅರಿತಿರಲಿಲ್ಲ. ಒಲಿಂಪಿಕ್ ಕೂಟವೇ ಅವರಿಗೆ ದೊಡ್ಡದಾಗಿ ತೋರುತ್ತಿತ್ತು.

1951ರಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ದೆಹಲಿಯಲ್ಲಿ ನಡೆಯಿತು. ರಹೀಮರು ಸಿದ್ಧಗೊಳಿಸಿದ ಭಾರತ ತಂಡ ಅಂತಿಮ ಪಂದ್ಯದಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನದ ಪದಕವನ್ನು ಪಡೆಯಿತು. ಶೈಲೇನ್ ಮನ್ನಾ ಅವರು ನಾಯಕರು. ಗೆಲುವಿನ ಗೋಲು ಸಾಹು ಮೇವಾಲಾಲರದು. ಸ್ವಾತಂತ್ರ್ಯ ಪಡೆದು ನಾಲ್ಕು ವರ್ಷವೂ ತುಂಬಿರದ ದೇಶಕ್ಕೆ ಅದು ಹಬ್ಬದ ದಿನವಾಯಿತು.

ಆದರೆ ಮರುವರ್ಷವೇ ಆ ಸಂತೋಷ ಕರಗಿಹೋಯಿತು. 1952ರ ಜುಲೈ ತಿಂಗಳಿನಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಡೆದ ಒಲಿಂಪಿಕ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಎದುರಾದದ್ದು ಯುಗೋಸ್ಲಾವಿಯದ ಪ್ರಬಲ ತಂಡ. ಉತ್ತರ ಯುರೋಪಿನ ತಂಪು ಹವೆ, ತೇವಗೊಂಡು ಜಾರುವ ಹುಲ್ಲು, ಎದುರಿಗೆ ಬೂಟು ತೊಟ್ಟ ದೃಢಕಾಯರು. ನಮ್ಮವರಲ್ಲಿ ಹಲವರು ಅಲ್ಲಿಯೂ ಬರಿಗಾಲಿನಲ್ಲಿಯೇ ಆಡಿದರು. ಯುಗೋಸ್ಲಾವಿಯ ಹತ್ತು ಗೋಲುಗಳನ್ನು ಹೊಡೆಯಿತು. ಭಾರತಕ್ಕೆ ದೊರೆತುದು ಒಂದೇ ಗೋಲು. ಆಟ ಮುಗಿಯುವ ವೇಳೆಗೆ ಆ ಗೋಲನ್ನು ಸಾಧಿಸಿ ದೇಶದ ಮಾನವನ್ನು ಕಿಂಚಿತ್ತಾದರೂ ಉಳಿಸಿದವರು ಬೆಂಗಳೂರಿನ ಅಹ್ಮದ್ ಖಾನ್.

ಇಂತಹ ಸೋಲು ಬಂದಾಗ ದೈವವನ್ನೋ ಹವಾಮಾನವನ್ನೋ ಹಳಿಯುವುದು ಸುಲಭ. ರಹೀಮರು ಹಾಗೆ ಮಾಡಲಿಲ್ಲ. ಅವರು ಸೋಲಿನ ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಒಣನೆಲದಲ್ಲಿ ಬರಿಗಾಲಿನ ಆಟ ಸೊಗಸಾದರೂ ಒದ್ದೆ ನೆಲದಲ್ಲಿ ಕಾಲು ನಿಲ್ಲುವುದಿಲ್ಲ. ಬೂಟು ತೊಟ್ಟವನೊಡನೆ ಚೆಂಡಿಗಾಗಿ ಸೆಣಸುವ ಧೈರ್ಯ ಬರಿಗಾಲಿನವನಿಗೆ ಸಹಜವಾಗಿ ಕುಗ್ಗುತ್ತದೆ. ಎರಡನೆಯದಾಗಿ, ಭಾರತದ ಸ್ಪರ್ಧೆಗಳಲ್ಲಿ ಪಂದ್ಯದ ಅವಧಿ 70 ನಿಮಿಷಗಳು ಮಾತ್ರ. ಅಂತರರಾಷ್ಟ್ರೀಯ ಪಂದ್ಯ 90 ನಿಮಿಷಗಳದು. ಎಪ್ಪತ್ತು ನಿಮಿಷಗಳಿಗೆ ಪಳಗಿದ ದೇಹ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ದಣಿಯುವುದರಲ್ಲಿ ಆಶ್ಚರ್ಯವೇನಿದೆ? ಮೂರನೆಯದಾಗಿ, ಆಟದ ವ್ಯೂಹಗಳಲ್ಲಿ ಯುರೋಪು ಬಹಳ ಮುಂದೆ ಸಾಗಿತ್ತು. ನಾವು ಹಳೆಯ ಕ್ರಮವನ್ನೇ ಹಿಡಿದುಕೊಂಡಿದ್ದೆವು. ನಾಲ್ಕನೆಯದಾಗಿ, ಹೊರದೇಶದ ಸಮರ್ಥ ತಂಡಗಳೊಡನೆ ಆಡುವ ಸಂದರ್ಭ ನಮ್ಮವರಿಗೆ ತೀರ ವಿರಳವಾಗಿತ್ತು. ಈ ಯಾವ ಕಾರಣವೂ ಹುಟ್ಟಿನಿಂದ ಬಂದುದಲ್ಲ. ಎಲ್ಲವೂ ಪ್ರಯತ್ನದಿಂದ ತಿದ್ದಬಹುದಾದ ಕೊರತೆಗಳೇ.

ಹೆಲ್ಸಿಂಕಿಯ ಸೋಲಿನ ತರುವಾಯ ಭಾರತದಲ್ಲಿ ಬೂಟು ಧರಿಸುವುದನ್ನು ಕಡ್ಡಾಯಗೊಳಿಸಲಾಯಿತು. ಬಾಲ್ಯದಿಂದ ಬರಿಗಾಲಿನಲ್ಲಿ ಆಡಿದವರಿಗೆ ಬೂಟು ತೊಟ್ಟು ಚೆಂಡಿನ ಸ್ಪರ್ಶವನ್ನು ಮತ್ತೆ ಕಲಿಯುವುದು ಸುಲಭದ ಕೆಲಸವಾಗಿರಲಿಲ್ಲ. ರಹೀಮರ ಕಣ್ಣು ಈಗ ಹಂಗೆರಿ ದೇಶದ ಕಡೆಗೆ ಹೊರಳಿತು. ಹೆಲ್ಸಿಂಕಿಯಲ್ಲಿ ಚಿನ್ನವನ್ನು ಗೆದ್ದುದು ಆ ದೇಶವೇ. 1953ರಲ್ಲಿ ಅದು ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿ ಲೋಕವನ್ನು ಬೆರಗುಗೊಳಿಸಿತು. ಅದರ ಮುನ್ನಡೆಯ ನಡುವಿನ ಆಟಗಾರ ಗೋಲಿನ ಬಳಿಯಲ್ಲಿಯೇ ನಿಲ್ಲದೆ ಹಿಂದೆ ಸರಿಯುತ್ತಿದ್ದ. ಅವನನ್ನು ಕಾಯಬೇಕಾದ ಎದುರಾಳಿಯೂ ಅವನ ಬೆನ್ನಹಿಂದೆ ಬರುತ್ತಿದ್ದ. ಹಾಗೆ ತೆರವಾದ ಜಾಗಕ್ಕೆ ಇತರರು ನುಗ್ಗುತ್ತಿದ್ದರು. ರಹೀಮರು ಈ ತಂತ್ರವನ್ನು ಮನನ ಮಾಡಿ ಭಾರತೀಯ ಆಟಗಾರರ ಶಕ್ತಿಗೆ ಹೊಂದುವಂತೆ ಅಳವಡಿಸಿದರು. ಮುಂದೆ ಬ್ರೆಜಿಲ್ ತಂಡದಿಂದ ಪ್ರಸಿದ್ಧವಾದ ನಾಲ್ಕು-ಎರಡು-ನಾಲ್ಕರ ವ್ಯೂಹವನ್ನು ಭಾರತದಲ್ಲಿ ಬಳಕೆಗೆ ತಂದವರಲ್ಲಿಯೂ ಅವರು ಮೊದಲಿಗರು.

ಪ್ರತಿಭೆಯನ್ನು ಗುರುತಿಸುವುದರಲ್ಲಿ ರಹೀಮರು ಕುಲವನ್ನಾಗಲಿ ಸಂಪತ್ತನ್ನಾಗಲಿ ನೋಡಲಿಲ್ಲ. ಸಿಕಂದರಾಬಾದಿನ ಹೊರವಲಯದ ಬಡಕುಟುಂಬದಲ್ಲಿ ಹುಟ್ಟಿದ ತುಳಸೀದಾಸ್ ಬಲರಾಮನೆಂಬ ತರುಣ ಅವರ ಕಣ್ಣಿಗೆ ಬಿದ್ದನು. ಅವನು 1956ರ ವೇಳೆಗೆ ಒಲಿಂಪಿಕ್ ತಂಡವನ್ನು ಸೇರಿದನು. ಆಗ ಅವನ ವಯಸ್ಸು ಇಪ್ಪತ್ತು. ಹೈದರಾಬಾದಿನ ನೂರ್ ಮೊಹಮ್ಮದ್, ಅಜೀಜುದ್ದೀನ್, ಬಂಗಾಳದ ಸಮರ್ ಬ್ಯಾನರ್ಜಿ, ಪಿ.ಕೆ. ಬ್ಯಾನರ್ಜಿ, ಮುಂಬಯಿಯ ನೆವಿಲ್ ಡಿಸೋಜ, ಬೆಂಗಳೂರಿನ ಕೆಂಪಯ್ಯ ಮೊದಲಾದವರು ಒಂದೇ ತಂಡದ ಸದಸ್ಯರಾದರು. ಭಾಷೆ ಬೇರೆ, ಊಟ ಬೇರೆ, ಆಡಿ ಬೆಳೆದ ನೆಲ ಬೇರೆ. ಇವರೆಲ್ಲರನ್ನು ಒಂದೇ ಮನಸ್ಸಿನಿಂದ ಆಡುವಂತೆ ಮಾಡಿದುದು ರಹೀಮರ ಸಾಧನೆಗಳಲ್ಲಿ ಮುಖ್ಯವಾದುದು.

1956ರ ಡಿಸೆಂಬರ್ 1ರಂದು ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯವನ್ನು ಎದುರಿಸಿತು. ಆಸ್ಟ್ರೇಲಿಯದ ಪ್ರೇಕ್ಷಕರ ಎದುರಿನಲ್ಲಿಯೇ ಭಾರತ 4-2ರಿಂದ ಗೆದ್ದಿತು. ನೆವಿಲ್ ಡಿಸೋಜ ಮೂರು ಗೋಲುಗಳನ್ನು ಹೊಡೆದರು. ಒಲಿಂಪಿಕ್ ಕಾಲ್ಚೆಂಡಾಟದ ಒಂದೇ ಪಂದ್ಯದಲ್ಲಿ ಮೂರು ಗೋಲುಗಳನ್ನು ಸಾಧಿಸಿದ ಮೊದಲ ಏಷ್ಯನ್ನರೆಂಬ ಕೀರ್ತಿ ಅವರದಾಯಿತು. ನಾಲ್ಕನೆಯ ಗೋಲು ಕಿಟ್ಟು ಕೃಷ್ಣಸ್ವಾಮಿಯವರದು. ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಉಪಾಂತ್ಯವನ್ನು ಮುಟ್ಟಿದ ಮೊದಲ ಏಷ್ಯಾದ ತಂಡ ಭಾರತದ್ದೇ.

ಉಪಾಂತ್ಯದಲ್ಲಿ ಮತ್ತೆ ಎದುರಾದುದು ಯುಗೋಸ್ಲಾವಿಯ. ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲುಗಳನ್ನು ಹೊಡೆದಿದ್ದ ಅದೇ ದೇಶ ಈ ಬಾರಿ ಮೊದಲರ್ಧದಲ್ಲಿ ಒಂದು ಗೋಲನ್ನೂ ಗಳಿಸಲಾರದೆ ಹೋಯಿತು. ವಿರಾಮದ ಅನಂತರ ನೆವಿಲ್ ಡಿಸೋಜ ಗೋಲು ಹೊಡೆದು ಭಾರತಕ್ಕೇ ಮುನ್ನಡೆಯನ್ನು ತಂದುಕೊಟ್ಟರು. ಕೊನೆಗೆ ಭಾರತ 1-4ರಿಂದ ಸೋತಿತೆಂಬುದು ನಿಜ. ಕಂಚಿನ ಪದಕದ ಪಂದ್ಯದಲ್ಲಿಯೂ ಬಲ್ಗೇರಿಯದ ಎದುರು 0-3ರಿಂದ ಸೋತು ನಾಲ್ಕನೆಯ ಸ್ಥಾನದಲ್ಲಿ ನಿಂತಿತು. ಆದರೆ ಹೆಲ್ಸಿಂಕಿಯ 1-10ನ್ನು ಮೆಲ್ಬೋರ್ನಿನ 1-4ರ ಪಕ್ಕದಲ್ಲಿಟ್ಟು ನೋಡಿದರೆ ನಾಲ್ಕು ವರ್ಷಗಳ ಕ್ರಮಬದ್ಧ ಪರಿಶ್ರಮ ಏನನ್ನು ಸಾಧಿಸಬಲ್ಲದೆಂಬುದು ಸ್ಪಷ್ಟವಾಗುತ್ತದೆ.

ರಹೀಮರು ಅಷ್ಟಕ್ಕೆ ತೃಪ್ತರಾಗಲಿಲ್ಲ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಭಾರತ ಹಂಗೆರಿಯ ಎದುರು 1-2ರಿಂದ ಸೋತಿತಾದರೂ ಸರಿಸಮನಾಗಿ ಹೋರಾಡಿತು. ಫ್ರಾನ್ಸಿನೊಡನೆ 1-1ರ ಸಮಫಲ ಸಾಧಿಸಿತು. ಪೆರುವಿನೆದುರು 1-3ರಿಂದ ಸೋತು ಹಿಂದಿರುಗಿತು. ಆ ಗುಂಪಿನಿಂದ ಮುಂದೆ ಹೋಗಲಾಗದಿದ್ದರೂ ಆಟದ ಮಟ್ಟದಲ್ಲಿ ಭಾರತ ಎಲ್ಲರ ಗೌರವವನ್ನು ಪಡೆಯಿತು. ತಂಡದ ಸದಸ್ಯರಲ್ಲಿ ರಹೀಮರ ಮಗ ಸೈಯದ್ ಶಾಹಿದ್ ಹಕೀಮರೂ ಇದ್ದರು. ಆದರೆ ಆ ಕೂಟದಲ್ಲಿ ಅವರಿಗೆ ಕಣಕ್ಕಿಳಿಯುವ ಅವಕಾಶ ದೊರೆಯಲಿಲ್ಲ.

ಇಂಡೋನೇಷ್ಯದ ಜಕಾರ್ತದಲ್ಲಿ 1962ರಲ್ಲಿ ನಡೆದ ಏಷ್ಯನ್ ಕ್ರೀಡಾಕೂಟ ರಹೀಮರ ಬಾಳಿನ ಕೊನೆಯ ಹಾಗೂ ಅತಿ ಕಠಿಣವಾದ ಪರೀಕ್ಷೆಯಾಯಿತು. ಆ ವೇಳೆಗೆ ಅವರ ಆರೋಗ್ಯ ಕೆಟ್ಟಿತ್ತು. ಶ್ವಾಸಕೋಶದ ಕಾಯಿಲೆ ಒಳಗೊಳಗೇ ಅವರನ್ನು ಕ್ಷೀಣಗೊಳಿಸುತ್ತಿತ್ತು. ತಂಡದ ಆರಂಭವೂ ಶುಭಕರವಾಗಿರಲಿಲ್ಲ. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯದ ಎದುರು ಭಾರತ 0-2ರಿಂದ ಸೋತಿತು. ಅನಂತರ ಥಾಯ್ಲೆಂಡನ್ನು 4-1ರಿಂದ ಗೆದ್ದರೂ, ಆ ಪಂದ್ಯದಲ್ಲಿ ರಕ್ಷಣೆಯ ಆಧಾರಸ್ತಂಭವಾದ ಜರ್ನೈಲ್ ಸಿಂಗರ ತಲೆಗೆ ಪೆಟ್ಟುಬಿದ್ದು ಹೊಲಿಗೆ ಹಾಕಬೇಕಾಯಿತು. ಅವರಿಲ್ಲದೆಯೇ ಭಾರತ ಜಪಾನನ್ನು 2-0ರಿಂದ ಸೋಲಿಸಿ ಉಪಾಂತ್ಯವನ್ನು ಸೇರಿತು.

ಇದರ ನಡುವೆ ಇನ್ನೊಂದು ಸಂಕಟ ಬಂದೊದಗಿತು. ಇಸ್ರೇಲ್ ಹಾಗೂ ತೈವಾನ್ ದೇಶಗಳನ್ನು ಕೂಟದಿಂದ ಹೊರಗಿಟ್ಟುದನ್ನು ಭಾರತದ ಕ್ರೀಡಾ ಮುಖಂಡರೊಬ್ಬರು ಆಕ್ಷೇಪಿಸಿದ್ದರಿಂದ ಜಕಾರ್ತದ ಜನರು ಭಾರತದ ಮೇಲೆ ಕೆರಳಿದರು. ಭಾರತೀಯ ಆಟಗಾರರು ಎಲ್ಲಿಗೆ ಹೋದರೂ ಕೋಪದ ಕೂಗುಗಳನ್ನು ಕೇಳಬೇಕಾಯಿತು. ತಾವು ಮಾಡದ ತಪ್ಪಿಗೆ ತರುಣರು ಅಪಮಾನವನ್ನು ಸಹಿಸಬೇಕಾಗಿತ್ತು. ಅಂತಹ ಹೊತ್ತಿನಲ್ಲಿ ಅವರ ಚಿತ್ತ ಚೆಂಡಿನಿಂದ ಅತ್ತಿತ್ತ ಸರಿಯದಂತೆ ಕಾಪಾಡಿದವರು ರಹೀಮರು.

ಉಪಾಂತ್ಯದಲ್ಲಿ ರಹೀಮರು ಯಾರೂ ಊಹಿಸದ ನಿರ್ಧಾರವನ್ನು ಕೈಗೊಂಡರು. ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಜರ್ನೈಲ್ ಸಿಂಗರನ್ನು ರಕ್ಷಣೆಯ ಸಾಲಿನಿಂದ ತೆಗೆದು ಮುನ್ನಡೆಯ ಸಾಲಿನಲ್ಲಿ ನಿಲ್ಲಿಸಿದರು. ದಕ್ಷಿಣ ವಿಯೆಟ್ನಾಮನ್ನು ಭಾರತ 3-2ರಿಂದ ಸೋಲಿಸಿತು. ನಾಯಕ ಚುನಿ ಗೋಸ್ವಾಮಿಯವರು ಎರಡು ಗೋಲುಗಳನ್ನೂ ಜರ್ನೈಲ್ ಸಿಂಗರು ಒಂದನ್ನೂ ಹೊಡೆದರು. ಅಂತಿಮ ಪಂದ್ಯದಲ್ಲಿ ಎದುರಾಳಿ, ಮೊದಲ ದಿನವೇ ನಮ್ಮನ್ನು ಸೋಲಿಸಿದ್ದ ದಕ್ಷಿಣ ಕೊರಿಯ. ಜ್ವರದಿಂದ ಚೇತರಿಸಿಕೊಂಡ ಎತ್ತರದ ಗೋಲುರಕ್ಷಕ ಪೀಟರ್ ತಂಗರಾಜರನ್ನು ರಹೀಮರು ಮತ್ತೆ ತಂಡಕ್ಕೆ ಕರೆದರು.

ಸೆಪ್ಟೆಂಬರ್ 4, 1962. ಸೆನಾಯನ್ ಕ್ರೀಡಾಂಗಣ ಜನರಿಂದ ಕಿಕ್ಕಿರಿದಿತ್ತು. ಆ ಅಪಾರ ಜನಸ್ತೋಮದ ಹಾರೈಕೆಯೆಲ್ಲ ಕೊರಿಯದ ಕಡೆಗೇ. ಭಾರತದ ಪ್ರತಿಯೊಂದು ನಡೆಗೂ ಮೂದಲಿಕೆ ಎದ್ದಿತು. ಆದರೆ ಹದಿನೇಳನೆಯ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಗೋಲು ಹೊಡೆದರು. ಮತ್ತೆ ಮೂರೇ ನಿಮಿಷಗಳಲ್ಲಿ ಜರ್ನೈಲ್ ಸಿಂಗರು ಎರಡನೆಯ ಗೋಲನ್ನು ಸಾಧಿಸಿದರು. ಕೊನೆಯ ಕ್ಷಣಗಳಲ್ಲಿ ಕೊರಿಯ ಒಂದು ಗೋಲನ್ನು ಹಿಂದಿರುಗಿಸಿತಾದರೂ ಭಾರತ 2-1ರಿಂದ ಗೆದ್ದಿತು. ಹನ್ನೊಂದು ವರ್ಷಗಳ ಅನಂತರ ಏಷ್ಯಾದ ಚಿನ್ನ ಮತ್ತೊಮ್ಮೆ ಭಾರತದ ಕೊರಳನ್ನು ಅಲಂಕರಿಸಿತು.

ಆ ಗೆಲುವನ್ನು ಕಂಡ ರಹೀಮರು ಹೆಚ್ಚು ಕಾಲ ಬದುಕಲಿಲ್ಲ. 1963ರ ಜೂನ್ 11ರಂದು ಶ್ವಾಸಕೋಶದ ಕ್ಯಾನ್ಸರಿಗೆ ತುತ್ತಾಗಿ ಅವರು ತೀರಿಕೊಂಡರು. ಅವರಿಗೆ ಆಗ 53 ವರ್ಷ. ಅವರ ಮಗ ಹಕೀಮರು ವಾಯುಸೇನೆಯ ಅಧಿಕಾರಿಯಾಗಿ, ಅಂತರರಾಷ್ಟ್ರೀಯ ತೀರ್ಪುಗಾರರಾಗಿ, ತರಬೇತುದಾರರಾಗಿ ತಂದೆಯ ಹಾದಿಯಲ್ಲಿಯೇ ನಡೆದರು. 2021ರ ಆಗಸ್ಟಿನಲ್ಲಿ ಹಕೀಮರು ಕೊನೆಯುಸಿರೆಳೆದುದು ನಮ್ಮ ಕಲಬುರಗಿಯಲ್ಲಿ.

ರಹೀಮರ ಶಿಷ್ಯರು ಕೆಲವು ಕಾಲ ಭಾರತದ ಹೆಸರನ್ನು ಉಳಿಸಿದರು. 1964ರ ಏಷ್ಯಾಕಪ್ಪಿನಲ್ಲಿ ಭಾರತ ಎರಡನೆಯ ಸ್ಥಾನವನ್ನೂ 1970ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚಿನ ಪದಕವನ್ನೂ ಪಡೆಯಿತು. ಅನಂತರ ಆ ಕ್ರೀಡಾಕೂಟದ ಕಾಲ್ಚೆಂಡಾಟದಲ್ಲಿ ಭಾರತಕ್ಕೆ ಪದಕ ದೊರೆತಿಲ್ಲ. ರೋಮಿನ ಮೇಲೆ ಒಲಿಂಪಿಕ್ ಕಾಲ್ಚೆಂಡಾಟದಲ್ಲಿಯೂ ಭಾರತ ಮತ್ತೆ ಕಾಣಿಸಿಕೊಂಡಿಲ್ಲ.

ಇದೇ ಕಾಲದಲ್ಲಿ ಜಕಾರ್ತದಲ್ಲಿ ಸೋತವರು ಏನು ಮಾಡಿದರೆಂಬುದನ್ನು ನೋಡಬೇಕು. ಜಪಾನ್ 1960ರಲ್ಲಿಯೇ ಜರ್ಮನಿಯಿಂದ ದೆತ್ಮಾರ್ ಕ್ರಾಮರ್ ಎಂಬ ಗುರುವನ್ನು ಕರೆಸಿಕೊಂಡಿತ್ತು. 1965ರಲ್ಲಿ ವರ್ಷವಿಡೀ ನಡೆಯುವ ರಾಷ್ಟ್ರೀಯ ಲೀಗನ್ನು ಆರಂಭಿಸಿತು; 1968ರ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಕಂಚನ್ನು ಗೆದ್ದಿತು; 1993ರಲ್ಲಿ ವೃತ್ತಿಪರ ಲೀಗನ್ನು ಕಟ್ಟಿತು; 1998ರಲ್ಲಿ ವಿಶ್ವಕಪ್ಪನ್ನು ಪ್ರವೇಶಿಸಿತು. ದಕ್ಷಿಣ ಕೊರಿಯ 1983ರಲ್ಲಿ ವೃತ್ತಿಪರ ಲೀಗನ್ನು ಸ್ಥಾಪಿಸಿ, 2002ರ ವಿಶ್ವಕಪ್ಪಿನಲ್ಲಿ ಉಪಾಂತ್ಯದವರೆಗೆ ಸಾಗಿತು. ಭಾರತದಲ್ಲಿ ರಾಷ್ಟ್ರೀಯ ಲೀಗ್ ಆರಂಭವಾದುದು 1996ರಲ್ಲಿ, ರಹೀಮರು ತೀರಿಕೊಂಡ 33 ವರ್ಷಗಳ ಮೇಲೆ. ಸೋತವರು ತಮ್ಮ ಸೋಲನ್ನು ಪಾಠವಾಗಿ ಸ್ವೀಕರಿಸಿ, ಒಬ್ಬ ಗುರು ಹೋದರೂ ನಿಲ್ಲದ ವ್ಯವಸ್ಥೆಯನ್ನು ಕಟ್ಟಿದರು. ಗೆದ್ದ ನಾವು ಒಬ್ಬ ಮಹನೀಯರನ್ನೇ ವ್ಯವಸ್ಥೆಯೆಂದು ನಂಬಿ ಸುಮ್ಮನಿದ್ದೆವು. ಹೆಲ್ಸಿಂಕಿಯ ಬಳಿಕ ರಹೀಮರು ಮಾಡಿದ ಆತ್ಮಪರೀಕ್ಷೆಯನ್ನು ಜಕಾರ್ತದ ಬಳಿಕ ದೇಶ ಮಾಡಲಿಲ್ಲ. ಎಳೆಯರ ಪಂದ್ಯಗಳು, ಆಟದ ಬಯಲುಗಳು, ತರಬೇತಿ ಪಡೆದ ಉಪಾಧ್ಯಾಯರು, ವರ್ಷವಿಡೀ ಸ್ಪರ್ಧೆ — ಇವು ಊರೂರಿಗೆ ಹರಡಲಿಲ್ಲ. ಒಂದು ರಾಷ್ಟ್ರ ಆಟದಲ್ಲಿ ಹಿಂದೆ ಬೀಳುವುದು ಹೀಗೆ.

ಜೀವಿತಕಾಲದಲ್ಲಿ ರಹೀಮರಿಗೆ ಸಂದ ಸನ್ಮಾನಗಳು ಅತ್ಯಲ್ಪ. ಬಹುಕಾಲ ಅವರ ಹೆಸರು ಹೈದರಾಬಾದಿನ ಹಿರಿಯ ಆಟಗಾರರ ನೆನಪಿನಲ್ಲಿ ಮಾತ್ರ ಉಳಿದಿತ್ತು. 2024ರಲ್ಲಿ ಅವರ ಬಾಳನ್ನು ಆಧರಿಸಿದ ಹಿಂದಿ ಚಲನಚಿತ್ರವೊಂದು ತೆರೆಕಂಡಾಗ ಹೊಸ ತಲೆಮಾರಿನವರು ಅವರ ಹೆಸರನ್ನು ಮೊದಲಬಾರಿಗೆ ಕೇಳಿದರು.

ಕರ್ನಾಟಕಕ್ಕೂ ಈ ಆಟದಲ್ಲಿ ಹಳೆಯ ಪರಂಪರೆಯಿದೆ. ಮೈಸೂರು ತಂಡ 1946, 1952, 1967 ಮತ್ತು 1968ರ ಸಾಲುಗಳಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದುಕೊಂಡಿತ್ತು. ಅನಂತರ 54 ವರ್ಷಗಳ ದೀರ್ಘ ವಿರಾಮದ ತರುವಾಯ 2023ರಲ್ಲಿ ಕರ್ನಾಟಕ ಮತ್ತೆ ಆ ಟ್ರೋಫಿಯನ್ನು ಪಡೆಯಿತು. ಅಷ್ಟು ದೀರ್ಘವಾದ ವಿರಾಮ ಇನ್ನೊಮ್ಮೆ ಬಾರದಿರಬೇಕಾದರೆ ಬೆಂಗಳೂರಿನ ಬಯಲುಗಳಷ್ಟೇ ಸಾಲವು. ಚಿಕ್ಕೋಡಿ, ಅಥಣಿಗಳಂತಹ ದೂರದ ಊರುಗಳ ಶಾಲೆಗಳಲ್ಲಿಯೂ ಆಟ ಕ್ರಮವಾಗಿ ಬೇರೂರಬೇಕು. ರಹೀಮರು ತಮ್ಮ ಕೆಲಸವನ್ನು ಆರಂಭಿಸಿದುದು ಶಾಲೆಯ ಅಂಗಳದಲ್ಲಿಯೇ. ಚೆಂಡನ್ನು ತಾನೇ ಹಿಡಿದುಕೊಳ್ಳದೆ ಜೊತೆಗಾರನಿಗೆ ದಾಟಿಸುವುದನ್ನೂ, ದುರ್ಬಲವಾದ ಕಾಲನ್ನು ಮರೆಮಾಚದೆ ಅಭ್ಯಾಸದಿಂದ ಬಲಪಡಿಸುವುದನ್ನೂ ಅವರು ಮಕ್ಕಳಿಗೆ ಕಲಿಸಿದರು. ಆ ಎರಡು ಪಾಠಗಳು ಇಂದಿನ ಶಾಲೆಯ ಅಂಗಳಕ್ಕೂ ಬೇಕಾದವೇ ಆಗಿವೆ.